ಮುಕ್ತ ವಿದ್ಯಾಭ್ಯಾಸವೂ ಗ್ರಾಮಮುಖಂಡರ ಕರ್ತವ್ಯವೂ

ವಿದ್ಯಾಭ್ಯಾಸವೆಂದೊಡನೆ ಬಹುಮಂದಿಯ ಮನಸ್ಸಿಗೆ ಬರುವುದು ಪಾಠಶಾಲೆಯ ಕಟ್ಟಡ, ಉಪಾಧ್ಯಾಯರು, ಕರಿಹಲಗೆ, ಪರೀಕ್ಷೆ ಇವುಗಳೇ. ಹದಿನಾರು ಹದಿನೇಳು ವರ್ಷ ವಯಸ್ಸಿಗೆ ಪಾಠಶಾಲೆಯ ಬಾಗಿಲನ್ನು ದಾಟಿ ಹೊರಗೆ ಬಂದವನು ಕಲಿಯುವ ಕಾರ್ಯವನ್ನು ಮುಗಿಸಿದನೆಂದೂ, ಮುಂದೆ ಅವನಿಗೆ ಉಳಿದಿರುವುದು ದುಡಿಮೆಯೊಂದೇ ಎಂದೂ ಗ್ರಾಮಗಳಲ್ಲಿ ಸಾಮಾನ್ಯವಾದ ಅಭಿಪ್ರಾಯವುಂಟು. ಈ ಅಭಿಪ್ರಾಯವು ವ್ಯವಸಾಯಕ್ಕೆ ಎಷ್ಟು ಹಾನಿಕರವಾದುದೆಂಬುದನ್ನು ಇತ್ತೀಚಿನ ಒಂದು ಉದಾಹರಣೆಯಿಂದ ತಿಳಿಯಬಹುದು.

2018ನೆಯ ಇಸವಿ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳುವು ಕಾಣಿಸಿಕೊಂಡಿತು. ಈ ದೇಶದಲ್ಲಿ ಅದು ಮೊಟ್ಟಮೊದಲು ಗುರುತಿಸಲ್ಪಟ್ಟುದು ಅಲ್ಲಿಯೇ. ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಗೆ ಸೇರಿದ ಈ ಹುಳುವು 2016ರಲ್ಲಿ ಆಫ್ರಿಕಾದ ಪಶ್ಚಿಮ ಭಾಗದಲ್ಲಿ ಕಂಡುಬಂದು, ಎರಡೇ ವರ್ಷಗಳಲ್ಲಿ ಕರ್ಣಾಟಕವನ್ನು ತಲಪಿತು. ಇದರ ಪತಂಗವು ಬಹುದೂರ ಹಾರಬಲ್ಲದು. ಮೊಟ್ಟೆಗಳನ್ನು ಗುಂಪುಗುಂಪಾಗಿ ಇಡುವುದು. ಮರಿಹುಳುವು ಗಿಡದ ಸುಳಿಯೊಳಗೆ ಅಡಗಿ ಎಲೆಗಳನ್ನು ತಿನ್ನುವುದು. ಹುಳುವು ಬಲಿತು ಸುಳಿಯ ಆಳಕ್ಕಿಳಿದು, ತನ್ನ ಹಿಕ್ಕೆಯಿಂದಲೇ ಮರೆಮಾಡಿಕೊಂಡ ಮೇಲೆ ಸಿಂಪಡಿಸಿದ ಔಷಧದಿಂದ ಹೆಚ್ಚು ಪ್ರಯೋಜನವಾಗದು. ಅದನ್ನು ಎಳೆಯದಾಗಿರುವಾಗಲೇ ಹುಡುಕಿ ಗುರುತಿಸಬೇಕು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗೆರೆ, ಬಾಲದ ಬಳಿಯಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇವೇ ಅದರ ಗುರುತು.

ಈ ಹುಳುವಿನ ವಿಚಾರವಾಗಿ ಗ್ರಾಮದ ಹಿರಿಯರಿಗೆ ಏನೂ ತಿಳಿದಿರಲಿಲ್ಲ. ಯಾತಕ್ಕೆಂದರೆ ಅವರ ತಂದೆ ತಾತಂದಿರು ಇದನ್ನು ಕಂಡವರಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಪಾಠಶಾಲೆಯನ್ನು ಬಿಟ್ಟವರ ಪುಸ್ತಕಗಳಲ್ಲಿಯೂ ಇದರ ಹೆಸರಿರಲಿಲ್ಲ. ಆದರೆ ತಿಳಿವಳಿಕೆಯು ಲೋಕದಲ್ಲಿ ಇಲ್ಲದೆ ಇರಲಿಲ್ಲ. ಆಫ್ರಿಕಾದ ರೈತರಿಗೋಸ್ಕರ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಿದ್ಧಪಡಿಸಿದ ಮಾರ್ಗದರ್ಶಿಯು ಅದೇ 2018ರಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಪ್ರಕಟವಾಗಿತ್ತು. ಹೀಗೆ ತಿಳಿವಳಿಕೆಯು ಬಾಗಿಲು ತೆರೆದು ಕಾದಿರುವಾಗ, ಸುಳಿ ಕೊರೆದ ಪೈರನ್ನು ನೋಡುತ್ತ ನಿಂತ ರೈತನಿಗೆ ಅದು ತಲಪಬೇಕಾದ ದಾರಿ ಯಾವುದು? ಆ ದಾರಿಯನ್ನು ಮಾಡಿಕೊಡಬೇಕಾದವರು ಯಾರು? ಇವೆರಡು ಪ್ರಶ್ನೆಗಳು ಗ್ರಾಮದ ಮುಖಂಡರೂ ಜಮೀನುದಾರರೂ ಗಮನವಿಟ್ಟು ಆಲೋಚಿಸಬೇಕಾದುವು.

ಮುಕ್ತ ವಿದ್ಯಾಭ್ಯಾಸವೆಂದರೇನೆಂಬುದನ್ನು ಮೊದಲು ತಿಳಿಯಬೇಕು. 2001ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯು ತನ್ನ ತರಗತಿಗಳ ಪಾಠಸಾಮಗ್ರಿಯನ್ನು ಅಂತರ್ಜಾಲದ ಮೂಲಕ ಲೋಕದ ಸಮಸ್ತರಿಗೂ ಶುಲ್ಕವಿಲ್ಲದೆ ಒದಗಿಸುವುದಾಗಿ ಪ್ರಕಟಿಸಿತು. 2002ರಲ್ಲಿ ಯುನೆಸ್ಕೋ ಸಂಸ್ಥೆಯು ಕರೆದ ಸಭೆಯಲ್ಲಿ ಇಂಥ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಹೆಸರು ಬಂದಿತು. ಹಣ ಕೊಡದೆ ನೋಡಬಹುದಾದುದೆಲ್ಲವೂ ಮುಕ್ತವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದು ಪಾಠವನ್ನು ಓದುವುದಕ್ಕೆ ಮಾತ್ರವಲ್ಲದೆ, ಅದನ್ನು ಪ್ರತಿಮಾಡುವುದಕ್ಕೂ, ಕನ್ನಡಕ್ಕೆ ತಿರುಗಿಸುವುದಕ್ಕೂ, ಸ್ಥಳದ ಅನುಕೂಲಕ್ಕೆ ತಕ್ಕಂತೆ ತಿದ್ದಿ ಹಂಚುವುದಕ್ಕೂ ಅದನ್ನು ಬರೆದವರೇ ಮೊದಲೇ ಅನುಮತಿಯನ್ನು ಕೊಟ್ಟಿದ್ದರೆ ಅದು ಮುಕ್ತವಾದುದು. ಅಂಥ ಪಾಠವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸುವುದಕ್ಕೆ ಯಾರನ್ನೂ ಬೇರೆಯಾಗಿ ಕೇಳಬೇಕಾಗಿಲ್ಲ. ಗ್ರಾಮಗಳಿಗೆ ಇದರಿಂದಾಗುವ ಅನುಕೂಲವು ಅಲ್ಪವಾದುದಲ್ಲ.

ಈ ನಾಡಿನಲ್ಲಿಯೂ ತರಗತಿಯ ಹೊರಗೆ ಕಲಿಯುವ ಮಾರ್ಗಗಳು ಹೊಸವಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯೆಂಬ ಹೆಸರಿನಿಂದ ರೇಡಿಯೋ ನಿಲಯವನ್ನು ಆರಂಭಿಸಿದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡನ್ನು ಕೈಗೊಂಡಿತು. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ವ್ಯವಸಾಯದ ವಿಚಾರದಲ್ಲಿ, 1974ರಲ್ಲಿ ಪುದುಚೇರಿಯಲ್ಲಿ ಮೊದಲನೆಯ ಕೃಷಿ ವಿಜ್ಞಾನ ಕೇಂದ್ರವು ತೆರೆದು, ಅಂಥ ಕೇಂದ್ರಗಳು ಈಗ ದೇಶದ ಜಿಲ್ಲೆ ಜಿಲ್ಲೆಗೂ ಹರಡಿರುವುವು. 2004ನೆಯ ಇಸವಿ ಜನವರಿಯಿಂದ ಕಿಸಾನ್ ಕಾಲ್ ಸೆಂಟರಿನ ಸಹಾಯವೂ ದೊರೆಯುತ್ತಿದೆ. 1800-180-1551 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಿದ ರೈತನಿಗೆ ಕನ್ನಡದಲ್ಲಿಯೇ ಉತ್ತರವು ಸಿಕ್ಕುವುದು. ಉನ್ನತ ಶಿಕ್ಷಣದ ಪಾಠಗಳನ್ನು ಬಯಸುವವರಿಗೆ ಐಐಟಿಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟೆಲ್ ಉಂಟು. 2017ರಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಸ್ವಯಂ ಉಂಟು. ಇವುಗಳಲ್ಲಿ ಪಾಠಕ್ಕೆ ಶುಲ್ಕವಿಲ್ಲ; ಪರೀಕ್ಷೆಗೆ ಕುಳಿತು ಪ್ರಮಾಣಪತ್ರವನ್ನು ಬಯಸುವವರು ಮಾತ್ರ ಹಣ ಕೊಡಬೇಕಾಗುವುದು.

ಹೀಗೆ ನೋಡಿದರೆ ವಿದ್ಯೆಯ ಕೆರೆಯು ಕೋಡಿ ಹರಿಯುವಷ್ಟು ತುಂಬಿದೆ. ಆದರೆ ಕೆರೆಯು ತುಂಬಿದ ಮಾತ್ರಕ್ಕೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಹರಿಯುವುದಿಲ್ಲವೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ತೂಬು ಸರಿಯಾಗಿರಬೇಕು, ಕಾಲುವೆಯ ಹೂಳು ತೆಗೆದಿರಬೇಕು, ಸರದಿಯನ್ನು ನೋಡಿಕೊಳ್ಳುವ ನೀರುಗಂಟಿಯಿರಬೇಕು. ಇವಿಲ್ಲದಿದ್ದರೆ ತೂಬಿನ ಪಕ್ಕದವರ ಗದ್ದೆ ಕೆಸರಾಗಿ, ಕೊನೆಯವರ ಗದ್ದೆ ಬಿರಿಯುವುದು. ಅಂತರ್ಜಾಲದ ವಿದ್ಯೆಯಲ್ಲಿಯೂ ನಡೆದಿರುವುದು ಇದೇ. ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಮೇಲೆ ಹೇಳಿದ ಮ್ಯಾಸಚೂಸೆಟ್ಸ್ ಸಂಸ್ಥೆಯೂ ಅಂತರ್ಜಾಲದಲ್ಲಿ ನಡೆಸಿದ ಪಾಠಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, 2017–18ರಲ್ಲಿ ಹೆಸರು ಬರೆಯಿಸಿದವರಲ್ಲಿ ಪಾಠವನ್ನು ಕೊನೆಮುಟ್ಟಿಸಿದವರು ನೂರಕ್ಕೆ ಸುಮಾರು ಮೂರು ಮಂದಿ ಮಾತ್ರ. ಸೇರಿದವರಲ್ಲಿಯೂ ಹೆಚ್ಚಿನವರು ಅನುಕೂಲವಂತ ದೇಶಗಳವರು. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಒಳಹೊಕ್ಕು ಕುಳಿತವರು ಮೊದಲೇ ವಿದ್ಯೆಯುಳ್ಳವರೇ ಎಂಬುದು ಇದರಿಂದ ಸ್ಪಷ್ಟವಾಗುವುದು. ಅದರ ಮೇಲೆ ಇಂಥ ಪಾಠಗಳಲ್ಲಿ ಬಹುಭಾಗವು ಇಂಗ್ಲಿಷಿನಲ್ಲಿರುವುದು. ಕನ್ನಡ ಮಾತ್ರ ಬಲ್ಲ ರೈತನಿಗೆ ಅವು ಇದ್ದೂ ಇಲ್ಲದಂತೆಯೇ.

ಹಾಗಾದರೆ ಕೊನೆಯ ಗದ್ದೆಗೆ ನೀರು ಹರಿಯಿಸಿದ ನಿದರ್ಶನಗಳು ಎಲ್ಲಿಯೂ ಇಲ್ಲವೇ? ಉಂಟು. ಮೊದಲನೆಯದು ಡೆನ್ಮಾರ್ಕ್ ದೇಶದ್ದು. ಅಲ್ಲಿನ ಧರ್ಮಗುರುವೂ ಕವಿಯೂ ಆದ ಗ್ರುಂಡ್ಟ್‌ವಿಗ್ ಎಂಬುವರ ಭಾವನೆಗಳನ್ನು ಅನುಸರಿಸಿ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಜನತಾ ವಿದ್ಯಾಪೀಠವೊಂದು ತೆರೆಯಿತು. ಚಮ್ಮಾರನ ಮಗನಾದ ಕ್ರಿಸ್ಟೆನ್ ಕೋಲ್ಡ್ ಎಂಬುವನು 1851ರಲ್ಲಿ ಇಂಥದೇ ಇನ್ನೊಂದನ್ನು ಸ್ಥಾಪಿಸಿದನು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಪ್ರಾಯದ ರೈತರೂ, ಬೇಸಗೆಯಲ್ಲಿ ಹೆಣ್ಣುಮಕ್ಕಳೂ ಈ ವಿದ್ಯಾಪೀಠಗಳಿಗೆ ಬಂದು ತಂಗಿ ಕಲಿಯುತ್ತಿದ್ದರು. ಪರೀಕ್ಷೆಯಾಗಲಿ ಪದವಿಯಾಗಲಿ ಇರಲಿಲ್ಲ. ಮುಂದೆ 1870ರ ನಂತರ ಹೊರದೇಶಗಳ ಅಗ್ಗದ ಧಾನ್ಯವು ಯೂರೋಪಿಗೆ ಬಂದು ಬಿದ್ದು ಬೆಲೆಗಳು ಕುಸಿದಾಗ, ಡೆನ್ಮಾರ್ಕಿನ ರೈತರು ಧಾನ್ಯವನ್ನು ಮಾರುವುದನ್ನು ಬಿಟ್ಟು ಹೈನುಗಾರಿಕೆಗೆ ತಿರುಗಿದರು. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಅವರ ಮೊದಲನೆಯ ಸಹಕಾರಿ ಬೆಣ್ಣೆಯ ಕಾರ್ಖಾನೆಯು ಹುಟ್ಟಿತು. ಶತಮಾನವು ತಿರುಗುವ ವೇಳೆಗೆ ಅಂಥವು ಸುಮಾರು ಸಾವಿರವಾಗಿದ್ದುವು. ಈ ಸಂಘಗಳನ್ನು ನಡೆಸಿದವರಲ್ಲಿ ಅನೇಕರು ವಿದ್ಯಾಪೀಠಗಳಲ್ಲಿ ಒಟ್ಟಿಗೆ ಕುಳಿತು ಕಲಿತವರು. ಈ ಮಾದರಿಯನ್ನೇ ಅನುಸರಿಸಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಎರಡನೆಯ ನಿದರ್ಶನವು ಸಮೀಪದ್ದು. 1956ರಲ್ಲಿ ಪುಣೆಯ ರೇಡಿಯೋ ನಿಲಯದವರು ಯುನೆಸ್ಕೋ ಸಹಾಯದಿಂದ ಐದು ಜಿಲ್ಲೆಗಳ 150 ಗ್ರಾಮಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ವಾರಕ್ಕೆರಡು ಸಲದಂತೆ, ಒಟ್ಟು ಇಪ್ಪತ್ತು ಸಲ, ಅರ್ಧ ಗಂಟೆಯ ಭಾಷಣ ಸಂಭಾಷಣೆಗಳನ್ನು ಪ್ರಸಾರ ಮಾಡಲಾಯಿತು. ಪ್ರತಿ ಗ್ರಾಮದಲ್ಲಿಯೂ ಒಂದು ಕೂಟವನ್ನು ಏರ್ಪಡಿಸಿ, ಅವರು ಒಟ್ಟಿಗೆ ಕುಳಿತು ಕೇಳಿ, ಕೇಳಿದುದನ್ನು ಕುರಿತು ಚರ್ಚೆಮಾಡಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸುವಂತೆ ಗೊತ್ತುಮಾಡಲಾಗಿತ್ತು. ಅನಂತರ ಕೂಟವಿದ್ದ ಗ್ರಾಮಗಳನ್ನೂ, ರೇಡಿಯೋ ಇದ್ದು ಕೂಟವಿಲ್ಲದ ಗ್ರಾಮಗಳನ್ನೂ, ರೇಡಿಯೋ ಇಲ್ಲದ ಗ್ರಾಮಗಳನ್ನೂ ಹೋಲಿಸಿ ನೋಡಿದರು. ಕೂಟಗಳಿದ್ದ ಕಡೆ ಜನರ ತಿಳಿವಳಿಕೆಯು ಗಮನಾರ್ಹವಾಗಿ ಹೆಚ್ಚಿತ್ತು. ರೇಡಿಯೋ ಮಾತ್ರವಿದ್ದ ಕಡೆ ಹೆಚ್ಚಿದುದು ಸ್ವಲ್ಪವೇ. ಯಂತ್ರವು ಒಂದೇ, ಮಾತುಗಳೂ ಅವೇ. ಭೇದವನ್ನುಂಟುಮಾಡಿದುದು ಜೊತೆಗೂಡಿ ಕುಳಿತು ಆಡಿದ ಮಾತು.

ಮೂರನೆಯದು ಈ ಶತಮಾನದ್ದೇ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಶಾಖೆಯಲ್ಲಿ ಡಿಜಿಟಲ್ ಗ್ರೀನ್ ಎಂಬ ಕಾರ್ಯವು ಹುಟ್ಟಿ, ಕರ್ನಾಟಕದ ಕೆಲವು ಗ್ರಾಮಗಳಲ್ಲಿ ಪರೀಕ್ಷಿಸಲ್ಪಟ್ಟಿತು. ಅಲ್ಲಿ ಸುತ್ತುಮುತ್ತಲಿನ ರೈತರೇ ತಮ್ಮ ಹೊಲಗಳಲ್ಲಿ ಮಾಡಿದ ಕೆಲಸವನ್ನು ಚಿತ್ರಿಸಿ, ಸಂಜೆಯ ವೇಳೆ ಇತರ ರೈತರಿಗೆ ತೋರಿಸಲಾಗುತ್ತಿತ್ತು. ಊರಿನವರೇ ಆದ ಒಬ್ಬರು ಪಕ್ಕದಲ್ಲಿದ್ದು ಚಿತ್ರವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತ, ಸಂದೇಹಗಳಿಗೆ ಉತ್ತರ ಹೇಳುತ್ತ ಇರುತ್ತಿದ್ದರು. ಈ ಕ್ರಮದಿಂದ ಹೊಸ ಪದ್ಧತಿಗಳನ್ನು ಕೈಗೊಂಡ ರೈತರ ಸಂಖ್ಯೆಯು ಹಳೆಯ ಪ್ರಚಾರಕ್ರಮಕ್ಕಿಂತ ಹಲವು ಪಟ್ಟು ಹೆಚ್ಚಿತೆಂದು ಪರೀಕ್ಷೆಯಿಂದ ತಿಳಿದುಬಂದಿತು.

ದೇಶ ಬೇರೆ, ಕಾಲ ಬೇರೆ, ಸಾಧನಗಳೂ ಬೇರೆ. ಆದರೂ ಈ ಮೂರರಿಂದ ಹೊರಡುವ ಅಭಿಪ್ರಾಯವು ಒಂದೇ. ಮುಕ್ತವಾದ ವಿದ್ಯೆಯು ಗ್ರಾಮದಲ್ಲಿ ಬೇರೂರಬೇಕಾದರೆ ಕೂಡಿ ಕುಳಿತುಕೊಳ್ಳುವ ಸ್ಥಳ, ಕೆಲಸಕ್ಕೆ ಅಡ್ಡಿಯಾಗದ ಹೊತ್ತು, ಪಕ್ಕದಲ್ಲಿದ್ದು ನಡೆಯಿಸುವ ಒಬ್ಬ ಸಂಗಾತಿ ಇವು ಮೂರೂ ಬೇಕು. ಸರ್ಕಾರವು ಪಾಠಗಳನ್ನು ಒದಗಿಸಬಹುದು, ತಂತಿಯನ್ನು ಎಳೆಯಬಹುದು. ಪ್ರತಿಯೊಂದು ಊರಿನಲ್ಲಿಯೂ ಯಾರ ಕೆಲಸ ಎಷ್ಟು ಹೊತ್ತಿಗೆ ಮುಗಿಯುವುದು, ಯಾರ ಮಾತಿಗೆ ಯಾರು ಕಿವಿಗೊಡುವರು ಎಂಬುದನ್ನು ಅದು ಅರಿಯಲಾರದು. ಅದನ್ನು ಬಲ್ಲವರು ಗ್ರಾಮದ ಹಿರಿಯರು. ಆದಕಾರಣ ವಿದ್ಯೆಯ ಕಾಲುವೆಗೆ ನೀರುಗಂಟಿಯನ್ನು ನೇಮಿಸುವ ಭಾರವು ಅವರದೇ.

ಇದಕ್ಕೆ ಬೇಕಾದ ಸಾಮಗ್ರಿಯು ಬಹುಮಟ್ಟಿಗೆ ಗ್ರಾಮಗಳಲ್ಲಿ ಸಿದ್ಧವಾಗಿಯೇ ಇದೆ. ಕರ್ನಾಟಕದ ಐದು ಸಾವಿರಕ್ಕೂ ಮೀರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದುವು. 2020ರಲ್ಲಿ ಓದುವ ಬೆಳಕು ಎಂಬ ಹೆಸರಿನಿಂದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವ ಕಾರ್ಯವು ಆರಂಭವಾಯಿತು. ಈಗ ಇವು ಅರಿವು ಕೇಂದ್ರಗಳೆನಿಸಿಕೊಂಡಿವೆ. ಅನೇಕ ಕಡೆ ಪುಸ್ತಕಗಳ ಜೊತೆಗೆ ಕಂಪ್ಯೂಟರುಗಳೂ ಬಂದಿವೆ. ಮಕ್ಕಳಿಗಾಗಿ ತೆರೆದ ಈ ಬಾಗಿಲು ಅವರ ತಂದೆತಾಯಿಗಳಿಗೂ ತೆರೆಯುವಂತೆ ಮಾಡುವುದೇ ಉಳಿದಿರುವ ಕಾರ್ಯ.

ಇದಕ್ಕೋಸ್ಕರ ಮುಖಂಡರು ಕೈಗೊಳ್ಳಬಹುದಾದ ಕ್ರಮಗಳು ಕೆಲವುಂಟು. ಮೊದಲನೆಯದಾಗಿ, ಅರಿವು ಕೇಂದ್ರವು ವಾರಕ್ಕೆ ಎರಡು ದಿನವಾದರೂ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ತೆರೆದಿರುವಂತೆ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಬೇಕು. ರೈತನು ಹೊಲದಲ್ಲಿರುವ ಹೊತ್ತಿನಲ್ಲಿ ಮಾತ್ರ ತೆರೆದಿರುವ ಗ್ರಂಥಾಲಯವು ರೈತನ ಪಾಲಿಗೆ ಮುಚ್ಚಿದಂತೆಯೇ. ಎರಡನೆಯದಾಗಿ, ಊರಿನಲ್ಲಿಯೇ ಇರುವ, ಓದು ಬರಹ ಚೆನ್ನಾಗಿ ಬಲ್ಲ ಯುವಕನನ್ನೋ ಯುವತಿಯನ್ನೋ ಆರಿಸಿ, ಪಾಠವನ್ನು ಓದಿ ಹೇಳುವುದಕ್ಕೂ, ಇಂಗ್ಲಿಷಿನಲ್ಲಿರುವುದನ್ನು ಕನ್ನಡದಲ್ಲಿ ವಿವರಿಸುವುದಕ್ಕೂ ಗೊತ್ತುಮಾಡಬೇಕು. ಅವರಿಗೆ ಕೊಡುವ ಅಲ್ಪ ಸಂಭಾವನೆಯನ್ನು ಅನುಕೂಲಸ್ಥ ಜಮೀನುದಾರರು ಹಂಚಿಕೊಂಡು ವಹಿಸಿದರೆ ಯಾರಿಗೂ ಭಾರವಾಗದು. ಮೂರನೆಯದಾಗಿ, ಯಾವ ವಿಷಯವನ್ನು ಕಲಿಯಬೇಕೆಂಬುದನ್ನು ಕಲಿಯುವವರೇ ಹೇಳಬೇಕು. ಊರಿನ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಅವುಗಳಿಗೆ ರೈತ ಸಂಪರ್ಕ ಕೇಂದ್ರದಿಂದಲೂ ಕೃಷಿ ವಿಜ್ಞಾನ ಕೇಂದ್ರದಿಂದಲೂ ಮೇಲೆ ಹೇಳಿದ ಫೋನಿನಿಂದಲೂ ಉತ್ತರವನ್ನು ತರಿಸಿ, ಬಂದ ಉತ್ತರವನ್ನು ಅದೇ ಪುಸ್ತಕದಲ್ಲಿ ದಾಖಲೆ ಮಾಡಬೇಕು. ಕೆಲವು ವರ್ಷಗಳಲ್ಲಿ ಆ ಪುಸ್ತಕವೇ ಊರಿನ ವ್ಯವಸಾಯದ ಕೈಪಿಡಿಯಾಗುವುದು. ನಾಲ್ಕನೆಯದಾಗಿ, ಕಲಿತುದನ್ನು ಮಾಡಿ ನೋಡುವುದಕ್ಕೆ ಜಮೀನುದಾರರಲ್ಲಿ ಒಬ್ಬರು ಎರಡು ಗುಂಟೆ ಜಮೀನನ್ನು ಬಿಟ್ಟುಕೊಡಬೇಕು. ಹೊಸ ಪದ್ಧತಿಯನ್ನು ಪರೀಕ್ಷಿಸಿ ಬೆಳೆ ಹೋದರೆ ಆಗುವ ನಷ್ಟವನ್ನು ಒಂದೆಕರೆಯ ಒಡೆಯನು ತಾಳಲಾರನು, ಹತ್ತೆಕರೆಯವನು ತಾಳಬಲ್ಲನು.

ಐದನೆಯ ಮಾತೇ ಎಲ್ಲಕ್ಕಿಂತ ಮುಖ್ಯವಾದುದು. ಈ ಕೂಟಕ್ಕೆ ಯಾರು ಬರಬಹುದು? ಮುಖಂಡರ ಮನೆಯ ಜಗಲಿಯಲ್ಲಿ ಅದನ್ನು ನಡೆಯಿಸಿದರೆ ಆ ಜಗಲಿಯನ್ನು ಹತ್ತಲು ಸಂಕೋಚಪಡುವವರು ಊರಿನಲ್ಲಿ ಅನೇಕರಿರುವರು. ಕಳೆ ಕೀಳುವವರೂ, ಬಿತ್ತನೆಯ ಬೀಜವನ್ನು ಕಾಪಾಡುವವರೂ, ಹಸುವಿನ ಹಾಲು ಕರೆಯುವವರೂ ಬಹುಮಟ್ಟಿಗೆ ಹೆಂಗಸರು. ಸುಳಿಯಲ್ಲಡಗಿದ ಹುಳುವನ್ನು ಮೊದಲು ಕಾಣುವ ಕಣ್ಣು ಕೂಲಿಯವಳದೇ ಆಗಿರಬಹುದು. ಅವಳಿಗೆ ತಿಳಿವಳಿಕೆಯಿಲ್ಲದಿದ್ದರೆ ಹೊಲದ ಒಡೆಯನಿಗೆ ಅದು ತಿಳಿಯುವುದು ಪೈರು ಹಾಳಾದ ಮೇಲೆ. ಆದ್ದರಿಂದ ಕೂಟವು ಸಾರ್ವಜನಿಕವಾದ ಸ್ಥಳದಲ್ಲಿಯೇ ನಡೆಯಬೇಕು. ಗುತ್ತಿಗೆದಾರರೂ ಕೂಲಿಯವರೂ ಎಲ್ಲ ಕೇರಿಗಳವರೂ ಒಂದೇ ಚಾಪೆಯ ಮೇಲೆ ಕೂಡಬೇಕು. ಹೆಂಗಸರಿಗೆ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು. ಕೆಲವರಿಗೆ ಮಾತ್ರ ತೆರೆದ ವಿದ್ಯೆಯನ್ನು ಮುಕ್ತವೆಂದು ಕರೆಯುವುದು ಸಲ್ಲದು.

ಈ ಸಲಹೆಗಳಿಗೆ ಆಕ್ಷೇಪಗಳು ಬಾರದಿರುವುದಿಲ್ಲ. ಕೂಲಿಯವರೂ ರೈತರ ಮಕ್ಕಳೂ ಹೆಚ್ಚು ಕಲಿತರೆ ಊರು ಬಿಟ್ಟು ಹೋಗುವರೆಂದು ಕೆಲವು ಜಮೀನುದಾರರು ಹೇಳುವರು. ಕಲಿಯದಿದ್ದವರೂ ಊರು ಬಿಟ್ಟು ಹೋಗುತ್ತಿರುವುದನ್ನು ಅವರು ದಿನವೂ ನೋಡುತ್ತಿಲ್ಲವೇ? ಪಟ್ಟಣದ ಪಾಠಶಾಲೆಗಳಲ್ಲಿ ವ್ಯವಸಾಯವನ್ನು ಬಿಟ್ಟು ಉಳಿದುದನ್ನೆಲ್ಲ ಕಲಿತ ಯುವಕನು ಹೊಲದ ಕಡೆಗೆ ಮುಖ ತಿರುಗಿಸದಿರುವುದು ಸಹಜ. ಊರಿನಲ್ಲಿಯೇ ಕುಳಿತು ಮಣ್ಣು, ನೀರು, ಬೀಜ, ಮಾರುಕಟ್ಟೆಗಳ ವಿಚಾರವನ್ನು ಕಲಿತವನಿಗಾದರೆ ಹೊಲದಲ್ಲಿಯೇ ಬುದ್ಧಿಗೆ ಕೆಲಸವುಂಟೆಂಬುದು ಗೋಚರವಾಗುವುದು. ಆದರೂ ಕೆಲವರು ಹೋಗುವರು. ಕಲಿತು ಹೋದವನು ಕಲಿಯದೆ ಹೋದವನಿಗಿಂತ ಮೇಲಾದ ಬಾಳನ್ನು ಬಾಳುವನು. ಅದರಿಂದ ಊರಿಗೆ ಅಪಕೀರ್ತಿಯೇನೂ ಇಲ್ಲ.

ಮೊಬೈಲ್ ಫೋನು ಯುವಕರ ಕಾಲವನ್ನು ಹಾಳುಮಾಡುವುದೆಂಬುದೂ, ಅದರಲ್ಲಿ ಬರುವ ಮಾತುಗಳಲ್ಲಿ ಸುಳ್ಳು ಬಹಳವೆಂಬುದೂ ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಎಲ್ಲಿಯೋ ಯಾವುದೋ ಮಣ್ಣಿನಲ್ಲಿ ಬಂದ ಫಸಲನ್ನು ತೋರಿಸಿ ಬೀಜವನ್ನೂ ಔಷಧವನ್ನೂ ಮಾರುವವರ ಚಿತ್ರಗಳನ್ನು ನೋಡಿ ಮೋಸಹೋಗುವುದು ಸುಲಭ. ಆದರೆ ಒಬ್ಬನೇ ಕುಳಿತು ನೋಡುವವನು ಮೋಸಹೋಗುವಷ್ಟು ಬೇಗ ಇಪ್ಪತ್ತು ಜನರ ಕೂಟವು ಮೋಸಹೋಗದು. ಕೂಟದಲ್ಲಿ ಪ್ರತಿಯೊಂದು ಸಲಹೆಯನ್ನು ಕುರಿತೂ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಾಗಬೇಕು: ಇದನ್ನು ಹೇಳುವವರು ಯಾರು? ಇದರಿಂದ ಅವರಿಗೆ ಲಾಭವೇನಾದರೂ ಉಂಟೇ? ಯಾವ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ ಇದನ್ನು ಪರೀಕ್ಷಿಸಿರುವರು? ವ್ಯವಸಾಯ ಇಲಾಖೆಯವರೂ ಕೃಷಿ ವಿಶ್ವವಿದ್ಯಾನಿಲಯದವರೂ ಇದನ್ನು ಕುರಿತು ಏನು ಹೇಳುವರು? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂದ ಮೇಲೆಯೂ ಎರಡು ಗುಂಟೆಯಲ್ಲಿ ನೋಡಿ ಅನಂತರ ಎರಡೆಕರೆಗೆ ಹೋಗುವುದೇ ವಿವೇಕ.

ಕೊನೆಯದಾಗಿ, ಗ್ರಾಮಗಳು ವಿದ್ಯೆಯನ್ನು ಪಡೆಯುವುದಕ್ಕೆ ಮಾತ್ರ ತಕ್ಕವೆಂದು ಯಾರೂ ಎಣಿಸಬಾರದು; ಕೊಡುವುದಕ್ಕೂ ಅವುಗಳಲ್ಲಿ ಬಹಳವುಂಟು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಿಂದ 1988ರಲ್ಲಿ ಹೊರಡಲಾರಂಭಿಸಿದ ಅಡಿಕೆ ಪತ್ರಿಕೆಯು, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ರೈತರ ಕೈಯಲ್ಲಿಯೇ ಲೇಖನಿಯನ್ನು ಹಿಡಿಸಿ ಅವರ ಅನುಭವಗಳನ್ನು ಪ್ರಕಟಿಸಿ ಮಾರ್ಗದರ್ಶಕವಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸುಳ್ಳುಮಾಡಿದುದೇ ಅದರ ಹಿರಿಮೆ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿಯೂ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಊರಿನ ನಾಟಿ ತಳಿಗಳ ಗುಣ, ಕೆರೆಯ ಕಟ್ಟೆಯ ಕ್ರಮ, ಯಾವ ಮಳೆಗೆ ಯಾವ ಬಿತ್ತನೆ ಎಂಬ ತಿಳಿವಳಿಕೆ ಇವೆಲ್ಲ ವೃದ್ಧರೊಡನೆ ಮಣ್ಣಾಗುವ ಮೊದಲು ಕನ್ನಡದಲ್ಲಿ ಬರೆದಿಡಲ್ಪಟ್ಟರೆ, ಮುಕ್ತ ವಿದ್ಯೆಯ ಕೆರೆಗೆ ಕನ್ನಡ ನಾಡಿನಿಂದಲೂ ಒಂದು ಹಳ್ಳವು ಹರಿದು ಸೇರಿದಂತಾಗುವುದು.

ಹಿಂದೆ ಊರಿಗೆ ಕೆರೆ ಕಟ್ಟಿಸಿದವರ ಹೆಸರು ತೂಬಿನ ಕಲ್ಲಿನ ಮೇಲೆ ಉಳಿದಿರುವುದು. ಈಗ ಕಟ್ಟಿಸಬೇಕಾದ ಕೆರೆಯು ಬೇರೆಯವರಿಂದ ಕಟ್ಟಲ್ಪಟ್ಟು ತುಂಬಿ ನಿಂತಿದೆ. ಕಾಲುವೆಯನ್ನು ತೋಡುವ ಖರ್ಚು ಮಾತ್ರ ಊರಿನದು. ಅದೂ ಒಂದು ದೀಪ, ಒಂದು ಚಾಪೆ, ವಾರಕ್ಕೆರಡು ಗಂಟೆಯ ಹೊತ್ತು ಇಷ್ಟೇ. ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ಬಿಡುವಿನ ದಿನಗಳು ಇದನ್ನು ಆರಂಭಿಸುವುದಕ್ಕೆ ತಕ್ಕ ಕಾಲ. ಮುಂದೆ ಯಾವ ಹೊಸ ಹುಳು, ಯಾವ ಹೊಸ ರೋಗ, ಎಂಥ ಬೆಲೆಯ ಕುಸಿತವು ಬರುವುದೆಂಬುದನ್ನು ಯಾರೂ ಹೇಳಲಾರರು. ಅದು ಬಂದ ದಿನ ಊರಿನಲ್ಲಿ ಕೂಡಿ ಕುಳಿತು ಕಲಿಯುವ ಅಭ್ಯಾಸವಿದೆಯೇ ಇಲ್ಲವೇ ಎಂಬುದು ಮಾತ್ರ ಇಂದಿನ ಮುಖಂಡರ ಕೈಯಲ್ಲಿದೆ.